ಮುಖ ಕಾಣದ ಚೂರಿ

ಸೆಪ್ಟೆಂಬರ್ 6, ಶುಕ್ರವಾರ

ಮದುವೆಯಾಗಿ ಇವತ್ತಿಗೆ ಒಂದು ವಾರ! ಇನ್ನೂ ನಂಬಿಕೆ ಬಂದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಅಂಗೈಯ ಮದರಂಗಿ ನೋಡಿಕೊಂಡು, ಹೌದು, ನಾನೇ, ರಯ್ಯಾ, ಹಿಲಾಲನ ಹೆಂಡತಿ, ಎಂದು ಹೇಳಿಕೊಳ್ಳುತ್ತೇನೆ. ಆಮೇಲೆ ಪಕ್ಕಕ್ಕೆ ತಿರುಗಿ, ಬಾಯಿ ತೆರೆದುಕೊಂಡು ಮಲಗಿರುವ ಅವನನ್ನು ನೋಡುತ್ತೇನೆ. ಬಾಯಿ ತೆರೆದುಕೊಂಡೂ ಇಷ್ಟು ಚೆನ್ನಾಗಿ ಕಾಣುವ ಗಂಡಸು ಇಡೀ ಒಮಾನಿನಲ್ಲಿ ಇನ್ನೊಬ್ಬನಿರಲಾರ.

ನಮಾಜು ಮುಗಿಸಿ ಬಂದ ಮಾವ ಖಲ್ಫಾನ್ ನನ್ನನ್ನು ಕುಲುಮೆಗೆ ಕರೆದರು. ಅವರ ಮನೆತನದ ಪದ್ಧತಿಯಂತೆ: ಹೊಸ ಸೊಸೆ ಮೊದಲ ಶುಕ್ರವಾರ ಹೊಸ ಚೂರಿಯ ಅಲಗಿನಲ್ಲಿ ಮುಖ ನೋಡಿಕೊಳ್ಳಬೇಕು. ಈ ಸೂರ್ ಪಟ್ಟಣದ ದೋಣಿಗಳಲ್ಲಿ ಯಾರ ಸೊಂಟದಲ್ಲಿ ಕನ್ನಡಿಯಂಥ ಚೂರಿ ಕಂಡರೂ ಜನ ಅದು ಖಲ್ಫಾನನ ಕುಲುಮೆಯದು ಎನ್ನುತ್ತಾರಂತೆ. ಮಾವ ಅದನ್ನು ಹೇಳುವಾಗ ಗಡ್ಡ ಸವರಿಕೊಂಡರು. ನಾನು ಬಗ್ಗಿ ನೋಡಿದೆ. ಮೂಗು ಸೌತೆಕಾಯಿಯಷ್ಟು ಉದ್ದ! ನಕ್ಕುಬಿಟ್ಟೆ.

ಅತ್ತೆ ಝುವೈನಾ ನಗಲಿಲ್ಲ. "ನಾನು ನೋಡ್ದಾಗ ಅತ್ತಿದ್ದೆ" ಎಂದರು.

"ಯಾಕತ್ತೆ?"

"ಇಷ್ಟು ಚಂದದವಳನ್ನ ಈ ಮಸಿ ಮನೆಗೆ ಕೊಟ್ಟರಲ್ಲಾ ಅಂತ."

ಅದು ತಮಾಷೆಯೋ ನಿಜವೋ ತಿಳಿಯಲಿಲ್ಲ. ಅವರ ಮುಖ ಯಾವಾಗಲೂ ಒಂದೇ ಥರ. ಮಸ್ಕತ್ತಿನಲ್ಲಿ ಇಂಗ್ಲಿಷ್ ಕಲಿತವಳೆಂದು ನನ್ನನ್ನು 'ಇಂಗ್ಲಿಷ್ ರಾಣಿ' ಎಂದು ಕರೆಯುತ್ತಾರೆ, ಅದೂ ಹಾಗೆಯೇ.

ಸ್ಕೂಲಿನ ಗೆಳತಿಯರೆಲ್ಲ ಸೇರಿ ಕೊಟ್ಟ ಒವನ್ ಇವತ್ತು ಮಸ್ಕತ್ತಿನಿಂದ ಬಂತು. ಕೆಂಪು ಬಾಗಿಲು, ಒಳಗೆ ದೀಪ! ಅತ್ತೆಯ ಅಡುಗೆಮನೆಯ ಮೂಲೆಯಲ್ಲಿ ರಾಜಕುಮಾರಿಯಂತೆ ಕುಳಿತಿದೆ. ನಾಳೆ ಕಿತ್ತಳೆ ಕೇಕ್.

ಸೆಪ್ಟೆಂಬರ್ 9, ಸೋಮವಾರ

ಕೇಕ್ ಆಗಲಿಲ್ಲ, ಯಾಕೆಂದರೆ ಇಡೀ ದಿನ ಹಿಲಾಲನ ಜೊತೆ ಕಡಲ ದಂಡೆಯಲ್ಲಿ ತಿರುಗಿದೆವು. ಆಹಾ! ಆದರೆ ಅವನು ನನ್ನ ಕಣ್ಣುಗಳ ಬಗ್ಗೆ ಮಾತಾಡುತ್ತಾನೆ ಎಂದುಕೊಂಡರೆ ತುಕ್ಕಿನ ಬಗ್ಗೆ ಮಾತಾಡಿದ.

ವಿಷಯ ಇದು. ಹೋದ ವರ್ಷ ಮೀನುಗಾರರ ನಾಯಕ, ತಂಡೇಲ ಸುಬೈತನ ದೋಣಿಯಲ್ಲಿ ಹಮ್ದಾನ್ ಎಂಬವನ ಕಾಲು ಬಲೆಯ ಹಗ್ಗಕ್ಕೆ ಸಿಕ್ಕಿಕೊಂಡು ಅವನು ನೀರಿಗೆ ಹೋದ. ಸೊಂಟದಲ್ಲಿ ಮಾವ ಮಾಡಿದ ಚೂರಿ ಇತ್ತು. ಎಳೆದರೆ ಬರಲಿಲ್ಲ. ಉಪ್ಪುನೀರು ಕುಡಿದ ಚರ್ಮದ ಒರೆಯೊಳಗೆ ಅಲಗು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಬೇರೆ ಯಾರೋ ಅಂಗಡಿಯಲ್ಲಿ ಕೊಂಡಿದ್ದ ಸ್ಟೀಲಿನ ಚಾಕು ಹಾಕಿ ಹಗ್ಗ ಕೊಯ್ದರು. ಹಮ್ದಾನ್ ಬದುಕಿದ, ಈಗಲೂ ಸ್ವಲ್ಪ ಕುಂಟುತ್ತಾನೆ. ಆವತ್ತಿನಿಂದ ಸುಬೈತ್ ಈ ಮನೆಯ ಚೂರಿ ಮುಟ್ಟಿಲ್ಲ, ಅವನನ್ನು ನೋಡಿ ಉಳಿದ ದೋಣಿಯವರೂ ಇಲ್ಲ.

"ಹಾಗಾದ್ರೆ ನೀವೂ ಆ ಸ್ಟೀಲಲ್ಲೇ ಮಾಡಿ" ಎಂದೆ.

"ಅದು ನಮ್ಮ ಕುಲುಮೆಗೆ ಬಗ್ಗಲ್ಲ, ಜೀವಾ. ಬಗ್ಗಿದ್ರೂ ದಪ್ಪ ಹಗ್ಗದ ಮುಂದೆ ಬೇಗ ಮೊಂಡಾಗುತ್ತೆ. ನಮ್ಮ ಉಕ್ಕು ಬೆಣ್ಣೆ ಕೊಯ್ದ ಹಾಗೆ ಕೊಯ್ಯುತ್ತೆ. ಅದಕ್ಕೆ ಬೇಕಾಗಿರೋದು ಒಂದು ಬಟ್ಟೆ. ಗಟ್ಟಿ ಬಟ್ಟೆ."

ಬಟ್ಟೆ ಎಂದರೆ ಅಲಗಿನ ಮೇಲಿನ ಲೇಪ. ಅಕ್ಟೋಬರ್ ಮಧ್ಯದಲ್ಲಿ ಅಂಜಲ್ ಮೀನು ಹಿಡಿಯುವ ನಿಷೇಧ ಮುಗಿದು ದೋಣಿಗಳು ಹೊರಡುತ್ತವೆ. ಅಷ್ಟರೊಳಗೆ ತುಕ್ಕಿಗೆ ಜಗ್ಗದ ಲೇಪ ಸಿಕ್ಕಿ, ಸುಬೈತ್ ಒಂದು ಚೂರಿಯನ್ನಾದರೂ ಒಪ್ಪಿಕೊಂಡು ಹೋದರೆ ಕುಲುಮೆ ಉಳಿಯುತ್ತದೆ. ಇಲ್ಲವಾದರೆ ಮಾವ ಬಾಗಿಲು ಹಾಕುತ್ತಾರೆ, ಹಿಲಾಲ್ ಮಸ್ಕತ್ತಿಗೆ ಬಂದು ನನ್ನ ಚಿಕ್ಕಪ್ಪನ ಕಾರು ಶೋರೂಮಿನಲ್ಲಿ ಕೂರುತ್ತಾನೆ. ಅಪ್ಪ ನಮಗಾಗಿ ಒಂದು ಫ್ಲಾಟ್ ನೋಡಿಯೂ ಆಗಿದೆ. ಬಾಲ್ಕನಿ ಇದೆ! ಬಾಲ್ಕನಿಯಿಂದ ಕಾಫಿ ಅಂಗಡಿ ಕಾಣುತ್ತದೆ!

ಪಾಪ, ಹಿಲಾಲನ ಮುಖ ನೋಡಿ ನಾನು ಬಹಳ ಗಂಭೀರವಾಗಿ ತಲೆಯಾಡಿಸಿದೆ. ಬಾಲ್ಕನಿಯಲ್ಲಿ ಮಲ್ಲಿಗೆ ಇಡುವುದೋ ಬೋಗನ್‌ವಿಲ್ಲಾ ಇಡುವುದೋ?

ಸೆಪ್ಟೆಂಬರ್ 14, ಶನಿವಾರ

ಮನೆ ತುಂಬ ನಾತ. ನಾತ ಎಂದರೆ ಎಂಥ ನಾತ!

ಸುಬೈತ್ ದಾರಿಯಲ್ಲಿ ಸಿಕ್ಕಿ ಹಿಲಾಲನಿಗೆ, "ನಿನ್ನ ಓದು ಬರಹ ಎಲ್ಲ ಬಿಡೋ. ನಮ್ಮಜ್ಜ ದೋಣಿಗೆ ಶಾರ್ಕಿನ ಎಣ್ಣೆ ಬಳೀತಿದ್ದ. ಮರಾನೇ ಉಳೀತು, ಕಬ್ಬಿಣ ಉಳಿಯಲ್ವಾ?" ಎಂದನಂತೆ. ನನ್ನ ಗಂಡ ಒಂದು ಡಬ್ಬ ತುಂಬ ಶಾರ್ಕಿನ ಎಣ್ಣೆ ತಂದು, ಅಲಗಿಗೆ ಬಳಿದು, ಕೆಂಡದ ಮೇಲೆ ಹೊಗೆಯಾಡಿಸಿ, ಮತ್ತೆ ಬಳಿದು ಮತ್ತೆ ಹೊಗೆಯಾಡಿಸಿದ. ನಾನು ಮನೆಯ ಲೋಬಾನವನ್ನೆಲ್ಲ ಸುಟ್ಟೆ. ಈಗ ಮನೆಯಲ್ಲಿ ಲೋಬಾನ ಹಾಕಿಕೊಂಡ ಶಾರ್ಕಿನ ವಾಸನೆ.

"ಇಂಗ್ಲಿಷ್ ರಾಣಿ, ಮೂಗು ಬಿಡು, ಉಸಿರು ಕಟ್ಟೀತು" ಎಂದರು ಅತ್ತೆ.

ಅಲಗುಗಳಿಗೆ ನಾನು ಹೆಸರಿಟ್ಟಿದ್ದೇನೆ. ಎಣ್ಣೆಯದು ನಾತದಣ್ಣ. ಒಣನಿಂಬೆಯ ರಸದಲ್ಲಿ ಮುಳುಗಿಸಿ ಬೂದು ಬಣ್ಣ ಬರಿಸಿದ್ದು ನಿಂಬೆಕ್ಕ. ಉಕ್ಕು ತನ್ನದೇ ಒಂದು ತೆಳು ಪದರ ಕಟ್ಟಿಕೊಂಡರೆ ತುಕ್ಕು ಬೇಗ ಒಳಗೆ ಬರುವುದಿಲ್ಲ ಎಂದು ಹಿಲಾಲ್ ವಿವರಿಸಿದ. ಬಂದೂಕಿನ ನಳಿಗೆಗೆ ಮಾಡುವ ಹಾಗೆ ಲವಣದಲ್ಲಿ ಕುದಿಸಿ ಕಪ್ಪಾಗಿಸಿದ್ದು ಕರಿಯಮ್ಮ. ಶಾರ್ಜಾದ ಕಾರ್ಖಾನೆಯೊಂದಕ್ಕೆ ಕಳಿಸಿದ್ದು ಚಿನ್ನು. ಅಲ್ಲಿ ಗಾಳಿಯೇ ಇಲ್ಲದ ಪೆಟ್ಟಿಗೆಯೊಳಗಿಟ್ಟು ಲೋಹದ ಆವಿಯನ್ನು ಅಲಗಿನ ಮೇಲೆ ಕೂರಿಸುತ್ತಾರಂತೆ. ಬಂಗಾರದ ಬಣ್ಣದಲ್ಲಿ ವಾಪಸ್ ಬಂತು. ಬಳೆಯಾಗಿದ್ದರೆ ಹಾಕಿಕೊಂಡುಬಿಡುತ್ತಿದ್ದೆ.

ಮಾವ ಪ್ರತಿಯೊಂದನ್ನೂ ಲೇಪಕ್ಕೆ ಮುಂಚೆ ತಾವೇ ಕೂತು ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದಾರೆ. ಮೇಲೆ ಕಪ್ಪು ಬಳಿಯುತ್ತೀರಿ ಎಂದ ಮೇಲೆ ಹೊಳಪು ಯಾಕೆ ಎಂದು ಕೇಳಿದೆ.

"ಒಳಗೆ ಕನ್ನಡಿ ಇದೆ ಅಂತ ನನಗೆ ಗೊತ್ತಿರುತ್ತಲ್ಲಮ್ಮ" ಎಂದರು.

ಎಷ್ಟು ಮುದ್ದು!

ಸೆಪ್ಟೆಂಬರ್ 19, ಗುರುವಾರ

ಮಹಾ ದುರಂತ. ನನ್ನ ಒವನ್ ಹೋಯಿತು.

ಇನ್ನೊಂದು ಲೇಪ ಬಂದಿದೆ. ಪಿಂಗಾಣಿಯ ನುಣುಪು ಪುಡಿ ಬೆರೆಸಿದ ಬಣ್ಣ. ತುಂತುರು ಹೊಡೆದು ಹದವಾದ ಶಾಖದಲ್ಲಿ ಬೇಯಿಸಿದರೆ ಕಲ್ಲಾಗುತ್ತದಂತೆ. ಕುಲುಮೆಯ ಬೆಂಕಿಯಲ್ಲಿ ಬೇಯಿಸುವಂತಿಲ್ಲ. ಶಾಖ ಸ್ವಲ್ಪ ಹೆಚ್ಚಾದರೂ ಅಲಗಿನ ಗಡಸು ಇಳಿದುಹೋಗುತ್ತದೆ. ಎಷ್ಟು ಶಾಖ ಬೇಕು ಎಂದು ಕೇಳಿದೆ.

ಹಿಲಾಲ್ ತಲೆ ಕೆರೆದುಕೊಂಡ. "ಹೆಚ್ಚುಕಡಿಮೆ… ಕೇಕಿಗಿಂತ ಸ್ವಲ್ಪ ಕಡಿಮೆ."

ಆಮೇಲೆ ಅವನು ಒವನ್ ಕಡೆ ನೋಡಲೇ ಇಲ್ಲ. ಪಾಪದವನ ಹಾಗೆ ಗೋಡೆ ನೋಡುತ್ತಾ ನಿಂತ. ಅಂಥ ಗಂಡನಿಗೆ ಇಲ್ಲ ಎನ್ನುವುದು ಹೇಗೆ? ನಾನೇ ಒಂದು ಕಡೆ ಹಿಡಿದು, ಇಬ್ಬರೂ ಹೊತ್ತು, ಕುಲುಮೆಯಲ್ಲಿಟ್ಟೆವು. ಬಣ್ಣ ಬೆಂದ ಒವನ್‌ನಲ್ಲಿ ಇನ್ನು ತಿನ್ನುವುದನ್ನು ಬೇಯಿಸಬಾರದು ಎಂದ. ಗೆಳತಿಯರಿಗೆ ಮಾತ್ರ ಇದು ಯಾವತ್ತೂ ತಿಳಿಯಕೂಡದು.

ಅತ್ತೆ ಅದನ್ನು ನೋಡುತ್ತಾ ನಿಂತಿದ್ದರು. ಸಂಜೆ ಏನೂ ಹೇಳದೆ ತಮ್ಮ ಪಕ್ಕ ನನಗೊಂದು ಮಣೆ ಹಾಕಿ, ಕಾದ ಹಂಚಿನ ಮೇಲೆ ಹಿಟ್ಟನ್ನು ಅಂಗೈಯಿಂದಲೇ ಸವರಿ ತೆಳುವಾದ ರೊಟ್ಟಿ ಎಬ್ಬಿಸುವುದನ್ನು ತೋರಿಸಿದರು. ನನ್ನ ಮೊದಲ ರೊಟ್ಟಿ ಒಮಾನಿನ ನಕ್ಷೆಯ ಹಾಗಿತ್ತು. "ಮುಸಂದಮ್ ತುದಿ ಸುಟ್ಟಿದೆ" ಎಂದು ಅತ್ತೆ ಅದನ್ನು ಮುರಿದು ತಿಂದರು. ಈಗ ಅನ್ನಿಸುತ್ತಿದೆ, ಅದು ತಮಾಷೆಯೇ ಇರಬೇಕು!

ಸೆಪ್ಟೆಂಬರ್ 20, ಶುಕ್ರವಾರ

ಬಣ್ಣದ ಅಲಗು ಬೆಂದು ಬಂತು. ಕಡುನೀಲಿ, ಮೈಯೆಲ್ಲ ರೇಷ್ಮೆ. ರಾಣಿ ಎಂದು ಹೆಸರಿಟ್ಟೆ.

ಡಬ್ಬದಲ್ಲಿ ಬಣ್ಣ ಉಳಿದಿತ್ತು. ನಾನೂ ಒಂದಕ್ಕೆ ಹೊಡೆಯುತ್ತೇನೆ ಎಂದು ಹಟ ಹಿಡಿದೆ. ಹಿಲಾಲ್ ಅರದಿಂದ ಉಜ್ಜಿ ಬಿಟ್ಟಿದ್ದ, ಇನ್ನೂ ಗೀರುಗೀರಾಗಿದ್ದ ಒಂದು ಅಲಗು ಕೊಟ್ಟ. ಮಾವ ಅದಕ್ಕೆ ಹೊಳಪು ಕೊಡಲು ಒಪ್ಪಲಿಲ್ಲ. "ಅದು ಆಟಕ್ಕೆ. ಅದನ್ನ ನಮ್ಮ ಕುಲುಮೇದು ಅಂತ ಯಾರಿಗೂ ಹೇಳಬೇಡ ಮತ್ತೆ" ಎಂದರು. ಬೇಸರವೇನಿಲ್ಲ. ಎಣ್ಣೆ ಪಸೆ ಹೋಗುವಂತೆ ತೊಳೆದು, ಒಣಗಿಸಿ, ಉಸಿರು ಬಿಗಿಹಿಡಿದು ತುಂತುರು ಹೊಡೆದೆ. ಬೆಂದು ಬಂದ ಮೇಲೆ ನೋಡಿದರೆ ಗಾರೆ ಗೋಡೆಯ ಹಾಗೆ ಒರಟೊರಟು.

ಹೆಸರೂ ಒರಟ. ನನ್ನ ಮೊದಲ ಮಗು ಎಂದು ಹಿಲಾಲನಿಗೆ ಹೇಳಿದೆ. ಅವನು ಕಿವಿಯವರೆಗೆ ಕೆಂಪಾದ.

ಸೆಪ್ಟೆಂಬರ್ 23, ಸೋಮವಾರ

ಆರನ್ನೂ ಮಹಡಿಯ ಮೇಲೆ ಕಡಲ ಕಡೆಯ ಗೋಡೆಗೆ ಕಟ್ಟಿದ್ದೇವೆ. ದಿನಾ ಬೆಳಿಗ್ಗೆ ದಂಡೆಗೆ ಒಯ್ದು ಉಪ್ಪುನೀರಲ್ಲಿ ಅದ್ದುವುದು, ಒರೆಸದೆ ತಂದು ತೂಗುಹಾಕುವುದು. ಹೊಸ ಮದುವೆಯವರು ಕೈಕೈ ಹಿಡಿದು ನಡೆಯುತ್ತಾರೆ. ನಾವು ಕೈಯಲ್ಲಿ ಮೂರು ಮೂರು ಚೂರಿ ಹಿಡಿದು ನಡೆಯುತ್ತೇವೆ. ದಂಡೆಯಲ್ಲಿದ್ದ ಸುಬೈತ್ ಕೂಗಿದ: "ಏನ್ರಪ್ಪಾ, ಇಷ್ಟು ಬೇಗ ಜಗಳಾನಾ?"

ಸೆಪ್ಟೆಂಬರ್ 28, ಶನಿವಾರ

ನಿಂಬೆಕ್ಕನ ಮೈಯಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳು. ಕರಿಯಮ್ಮನ ಬೆನ್ನ ಮೇಲೂ. ಚಿನ್ನುವಿಗೆ ಸೂಜಿಮೊನೆಯಂಥ ಒಂದೆರಡು ತೂತುಗಳಿದ್ದವೋ ಏನೋ, ಬಂಗಾರದ ಕೆಳಗಿಂದ ತುಕ್ಕು ಕಣ್ಣು ಬಿಡುತ್ತಿದೆ. ನಾತದಣ್ಣ ಮಾತ್ರ ಗಟ್ಟಿ. ಅವನ ಹತ್ತಿರ ತುಕ್ಕೂ ಬರಲು ಹೆದರುತ್ತದೆ. ರಾಣಿ ಮಿರಿಮಿರಿ. ಒರಟನೂ ಪರವಾಗಿಲ್ಲ.

ಅಮ್ಮ ಫೋನ್ ಮಾಡಿ ಬಾಲ್ಕನಿಯ ಗೋಡೆಗೆ ಯಾವ ಬಣ್ಣ ಎಂದಳು. ಯಾವುದೋ ಒಂದು ಹೇಳಿದೆ. ರಾಣಿಯನ್ನು ಅದ್ದುವ ಹೊತ್ತಾಗಿತ್ತು. ಹಿಲಾಲ್ ಕಾಯುತ್ತಿದ್ದ.

ಅಕ್ಟೋಬರ್ 3, ಗುರುವಾರ

ಎಲ್ಲ ಮುಗಿಯಿತು.

ಇವತ್ತು ಊರಿನ ಹೆಂಗಸರು ಹೊಸ ಸೊಸೆಯನ್ನು ನೋಡಲು ಬರುವುದಿತ್ತು. ಬೆಳಗಿನಿಂದ ಅತ್ತೆ ಮನೆಯನ್ನು ತೊಳೆದದ್ದೇ ತೊಳೆದದ್ದು. ಅವರಿಗೆ ಮಂಡಿನೋವು, ಮಹಡಿ ಹತ್ತುವುದಿಲ್ಲ. ಇವತ್ತು ಒಣಗಿಸಿದ ಶಾರ್ಕ್ ತರಲೆಂದು ಹತ್ತಿದರು. ಗೋಡೆಗೆ ತುಕ್ಕು ಹಿಡಿದ ಚೂರಿಗಳು, ಸಾಲಾಗಿ, ಇಡೀ ಬೀದಿಗೆ ಕಾಣುವ ಹಾಗೆ!

ನಾನು ಕೆಳಗೆ ಕೂದಲು ಬಾಚಿಕೊಳ್ಳುತ್ತಿದ್ದೆ. ಹಿಲಾಲ್ ಮೇಲಿಂದ ಕೂಗಿದ ಕೂಗಿಗೆ ಬಾಚಣಿಗೆ ಕೈಯಿಂದ ಬಿತ್ತು. ಓಡಿ ಹೋದೆ. ಅತ್ತೆ ನೆಲದಲ್ಲಿ ಕೂತು, ಬಟ್ಟಲಿನಲ್ಲಿ ಕಡಲ ಮರಳು, ಬೂದಿ, ಒಣನಿಂಬೆ ಇಟ್ಟುಕೊಂಡು, ತೆಂಗಿನ ನಾರಿನಿಂದ ಕೊನೆಯ ಅಲಗನ್ನು ಗಸಗಸ ಉಜ್ಜುತ್ತಿದ್ದರು. ಉಳಿದ ಐದೂ ಉಜ್ಜಿಸಿಕೊಂಡು ಮಲಗಿದ್ದವು.

"ಅಮ್ಮಾ! ಏನು ಮಾಡ್ಬಿಟ್ಟೆ!"

"ಏನು ಮಾಡ್ದೆ? ಕಮ್ಮಾರನ ಮನೆ ಗೋಡೆ ಮೇಲೆ ತುಕ್ಕು ತೂಗುಹಾಕಿದೀರಿ. ಊರಿನ ಹೆಂಗಸರು ಬರೋ ದಿನ! ಈ ಸೊಸೆಗೆ ಚೂರಿ ತೊಳೆಯೋಕೂ ಬರಲ್ಲ ಅಂತಾರೆ. ಅವಳ ಮರ್ಯಾದೆ ಹೋಗ್ಲಾ?"

"ಅದು ಪರೀಕ್ಷೆ ಅಮ್ಮಾ! ಬೇಕು ಅಂತ್ಲೇ ಬಿಟ್ಟಿದ್ವಿ! ಎಲ್ಲ ಹಾಳಾಯ್ತು!"

"ನನಗ್ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಹಿಲಾಲ್ ನನ್ನ ಮುಖ ನೋಡಿದ, ನಾನು ಹಿಲಾಲನ ಮುಖ ನೋಡಿದೆ. ನಾನು ಹೇಳಿರುತ್ತೇನೆಂದು ಅವನು, ಅವನು ಹೇಳಿರುತ್ತಾನೆಂದು ನಾನು. ಅತ್ತೆ ಕೈಯಲ್ಲಿದ್ದ ಅಲಗನ್ನು ಮೆಲ್ಲಗೆ ಕೆಳಗಿಟ್ಟು, ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಹೋದರು.

ಹೆಂಗಸರು ಬಂದರು. ಹಲ್ವಾ ತಿಂದರು, ಕಹ್ವಾ ಕುಡಿದರು, ನನ್ನನ್ನು ಹೊಗಳಿದರು. ಅತ್ತೆ ಅವರ ಬಟ್ಟಲುಗಳನ್ನು ತುಂಬಿಸಿ ಒಳಗೆ ಹೋಗಿಬಿಟ್ಟರು.

ಅಕ್ಟೋಬರ್ 4, ಶುಕ್ರವಾರ

ಹಿಲಾಲ್ ಕ್ಷಮೆ ಕೇಳಿದ. ಅತ್ತೆ "ಹ್ಞೂಂ" ಎಂದರು. ಮತ್ತೆ ಮೊದಲಿನಿಂದ ಶುರು ಮಾಡಲು ದಿನಗಳಿಲ್ಲ. ರೊಟ್ಟಿ ನಾನೊಬ್ಬಳೇ ಮಾಡಿದೆ. ದುಂಡಗೆ ಬಂತು. ಯಾರೂ ಗಮನಿಸಲಿಲ್ಲ.

ಅಕ್ಟೋಬರ್ 5, ಶನಿವಾರ

ದೇವರೇ, ದೇವರೇ, ದೇವರೇ! ಅಕ್ಷರ ಸೊಟ್ಟಗೆ ಬಂದರೆ ಬರಲಿ!

ಬೆಳಿಗ್ಗೆ ಸುಮ್ಮನೆ ಮಹಡಿಗೆ ಹೋದೆ. ಹಿಲಾಲ್ ಬೇಸರದಲ್ಲಿ ಅಲಗುಗಳನ್ನು ಅಲ್ಲೇ ಬಿಟ್ಟಿದ್ದ. ಎರಡು ದಿನದ ಕಡಲ ಗಾಳಿ, ಇಬ್ಬನಿ. ನಿಂಬೆಕ್ಕ ಇಟ್ಟಿಗೆಯಂತೆ ಕೆಂಪು. ಕರಿಯಮ್ಮ ಅರ್ಧ ಬೆಳ್ಳಗಾಗಿ, ಬೆಳ್ಳಗಾದಲ್ಲೆಲ್ಲ ತುಕ್ಕು. ನಾತದಣ್ಣನ ಎಣ್ಣೆ, ಹೊಗೆ ಎಲ್ಲ ಮರಳಿನ ಜೊತೆ ಹೋಗಿ ಅವನೂ ಕೆಂಪು. ಚಿನ್ನುವಿನ ಬಂಗಾರಕ್ಕೆ ಗೀರು ಕೂಡ ಬಿದ್ದಿರಲಿಲ್ಲ, ಆದರೆ ಆ ತೂತುಗಳ ಸುತ್ತ ತುಕ್ಕು ಹೂವಾಗಿ ಅರಳಿತ್ತು. ನಮ್ಮ ಆಶಾಕಿರಣ ರಾಣಿಯ ನೀಲಿ, ಬಿಸಿಲಿಗೆ ಸುಟ್ಟ ಮೈ ಸುಲಿದ ಹಾಗೆ ಹಾಳೆಹಾಳೆಯಾಗಿ ಎದ್ದುಬಂದಿತ್ತು. ಒಳಗೆ ಮಾವನ ಕನ್ನಡಿ, ಕನ್ನಡಿಯ ಮೇಲೆ ಕೆಂಪು.

ಕೊನೆಯಲ್ಲಿ ಒರಟ. ಅತ್ತೆ ಕಡೆಗೆ ಉಜ್ಜುತ್ತಿದ್ದದ್ದು ಅವನನ್ನೇ. ಎತ್ತಿ ತಿರುಗಿಸಿ ನೋಡಿದೆ. ಎಲ್ಲೂ ಏನೂ ಇಲ್ಲ. ಉಗುರಿನಿಂದ ಕೆರೆದೆ. ಉಗುರು ಮುರಿಯಿತು! (ಮದುವೆಗೆ ಅಷ್ಟು ಜೋಪಾನವಾಗಿ ಬೆಳೆಸಿದ್ದ ಉಗುರು! ಹೋಗಲಿ!)

ರಾಣಿ, ಒರಟ ಇಬ್ಬರನ್ನೂ ಎತ್ತಿಕೊಂಡು ಚಪ್ಪಲಿ ಇಲ್ಲದೆ ಕುಲುಮೆಗೆ ಓಡಿದೆ. ಹಿಲಾಲ್ ಎರಡೂ ಅಲಗು ಹಿಡಿದು ಬಹಳ ಹೊತ್ತು ನೋಡಿ, ಕುಳಿತೇಬಿಟ್ಟ.

"ನುಣುಪಾದ ಗೋಡೆಗೆ ಗಾರೆ ಹಿಡಿಯುತ್ತಾ, ರಯ್ಯಾ? ಹಿಡಿಯಲ್ಲ. ಗೀರು ಬೇಕು. ಕಚ್ಚಿಕೊಳ್ಳೋಕೆ ಹಲ್ಲು ಬೇಕು. ರಾಣಿಗೆ ಅಪ್ಪ ಹಲ್ಲೇ ಇಲ್ಲದ ಹಾಗೆ ಹೊಳಪು ಕೊಟ್ಟಿದ್ರು. ಬಣ್ಣದಲ್ಲಿ ತಪ್ಪಿಲ್ಲ. ಕನ್ನಡೀದೇ ತಪ್ಪು."

"ನಾವು ಉಪ್ಪು ಒಂದನ್ನೇ ಪರೀಕ್ಷೆ ಮಾಡ್ತಿದ್ವಿ" ಎಂದೆ. "ಆದ್ರೆ ದೋಣಿಯಿಂದ ಬಂದ ಚೂರೀನ ಮನೇಲಿ ಯಾರು ತೊಳೀತಾರೆ ಹೇಳು? ಪ್ರತಿ ಮನೇಲೂ ಒಬ್ಬೊಬ್ಬ ಝುವೈನಾ ಇರ್ತಾಳೆ. ಮರಳು ಹಾಕಿ ಉಜ್ಜೇ ಉಜ್ತಾಳೆ. ಅದಕ್ಕೂ ನಿಲ್ಲಬೇಕು ಅಲ್ವಾ?"

ಹಿಂದೆ ತಿರುಗಿದರೆ ಬಾಗಿಲಲ್ಲಿ ಅತ್ತೆ. ನನ್ನ ಚಪ್ಪಲಿ ಹಿಡಿದುಕೊಂಡು ನಿಂತಿದ್ದರು. ಅತ್ತೆಯನ್ನು ಹೆಸರು ಹಿಡಿದು ಕರೆದುಬಿಟ್ಟಿದ್ದೆ! ಭೂಮಿ ಬಾಯಿ ಬಿಡಲಿ ಎಂದುಕೊಂಡೆ.

"ಝುವೈನಾ ಉಜ್ಜಿದ್ದು ಸಾಕಾಯ್ತಾ, ಇನ್ನೂ ಉಜ್ಜಬೇಕಾ?" ಎಂದರು. ಅದೇ ಮುಖ. ಆದರೆ ಕಣ್ಣಿನ ಪಕ್ಕದಲ್ಲಿ ಒಂದು ಗೆರೆ ಹೊಸದಾಗಿತ್ತು.

ಅಕ್ಟೋಬರ್ 8, ಮಂಗಳವಾರ

ಮಾವ ಒಪ್ಪುತ್ತಿಲ್ಲ.

ಒರಟನ ಥರದ ಅಲಗು ಎಂದರೆ ಹೊಳಪು ಕೊಡದೆ, ಮೈಯನ್ನು ಒರಟು ಮಾಡಿ, ಮೇಲೆ ಬಣ್ಣ. ಅದನ್ನು ಕೇಳಿದ ಕೂಡಲೇ ಅವರು ಸುತ್ತಿಗೆ ಕೆಳಗಿಟ್ಟರು.

"ನಮ್ಮಪ್ಪ ಈ ಹೊಳಪಿಗೆ ಕಣ್ಣು ಕಳ್ಕೊಂಡ. ನಾನು ಬೆರಳು ಸವೆಸಿದೀನಿ. ಮುಖ ಕಾಣದ ಚೂರಿ ನನ್ನ ಕುಲುಮೆಯಿಂದ ಹೊರಗೆ ಹೋಗಲ್ಲ. ಬೇಕಾದ್ರೆ ಬಾಗಿಲು ಹಾಕ್ತೀನಿ."

ಹಿಲಾಲ್ ಗಾರೆ, ಗೋಡೆ, ಹಲ್ಲು ಎಂದೆಲ್ಲ ವಿವರಿಸಿದ. ನಾನು ಡಬ್ಬದ ಮೇಲಿದ್ದ ಇಂಗ್ಲಿಷನ್ನು ಓದಿ ಅರ್ಥ ಹೇಳಿದೆ: ಮೈ ಒರಟು ಮಾಡಿಕೊಂಡೇ ಬಳಿಯಿರಿ ಎಂದು ಮೊದಲ ಸಾಲಿನಲ್ಲೇ ಇದೆ! ನಾವು ಮೂವರೂ ಅದನ್ನು ಓದಿದ್ದೆವು, ಕೇಳಿದ್ದೆವು. ಆದರೆ ಈ ಮನೆಯಲ್ಲಿ ಯಾರಿಗಾದರೂ ಹೊಳಪಿಲ್ಲದ ಅಲಗನ್ನು ಊಹಿಸಿಕೊಳ್ಳಲು ಆಗಿದ್ದರೆ ತಾನೇ? ಆ ಸಾಲು ನಮಗಲ್ಲ ಎಂದುಕೊಂಡು ಬಿಟ್ಟಿದ್ದೆವು. ಮಾವ ಆಗಲೂ ಕದಲಲಿಲ್ಲ.

ಊಟದ ಹೊತ್ತಾಯಿತು. ಅತ್ತೆ ಮೀನು ಬಡಿಸುತ್ತಾ, ಯಾರನ್ನೂ ನೋಡದೆ, ಹೇಳಿದರು:

"ಹಮ್ದಾನನ ಕಾಲು ಹಗ್ಗದಲ್ಲಿ ಸಿಕ್ಕಾಗ ಅವನೇನು ಮುಖ ನೋಡ್ಕೋತಿದ್ನಾ?"

ಮಾವನ ಕೈ ತಟ್ಟೆಯಲ್ಲೇ ನಿಂತಿತು. ಆಮೇಲೆ ಎದ್ದು ಕೈ ತೊಳೆದು ಹೊರಗೆ ಹೋದರು. ಸಂಜೆ ಕುಲುಮೆಯಿಂದ ಸದ್ದು ಬರುತ್ತಿತ್ತು. ಇಣುಕಿದೆ. ಹೊಸ ಅಲಗೊಂದನ್ನು ಮೊಣಕಾಲ ಮೇಲಿಟ್ಟುಕೊಂಡು ಮಾವ ದಪ್ಪ ಮರಳುಕಾಗದದಿಂದ ಉಜ್ಜುತ್ತಿದ್ದರು. ಕಣ್ಣು ಮುಚ್ಚಿಕೊಂಡಿದ್ದರು. ನೋಡಲಾಗದೆ ಇರಬೇಕು.

ಇವತ್ತು ಅವರ ಚಹಾಗೆ ನಾನೇ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿದೆ. ಇನ್ನೇನು ಮಾಡಬಹುದು ತೋಚಲಿಲ್ಲ.

ಅಕ್ಟೋಬರ್ 13, ಭಾನುವಾರ

ಸುಬೈತ್ ಬಂದಿದ್ದ. ಬಾಗಿಲಲ್ಲೇ ನಿಂತು, "ನೋಡು ಖಲ್ಫಾನ್, ಕಹ್ವಾ ಕುಡಿಯೋಕೆ ಬಂದಿದೀನಿ, ಚೂರಿ ತಗೊಳೋಕೆ ಅಲ್ಲ" ಎಂದ. ಅವನ ಹಿಂದೆ ಹಮ್ದಾನ್. ತೆಳ್ಳನೆಯ ಹುಡುಗ, ನಡೆಯುವಾಗ ಎಡಗಾಲು ಸ್ವಲ್ಪ ಹಿಂದೆ ಬೀಳುತ್ತದೆ. ಮಾವ ಅವನ ಕಾಲು ನೋಡಲೂ ಇಲ್ಲ, ಬೇರೆ ಕಡೆ ನೋಡಲೂ ಇಲ್ಲ.

ಹೊಸ ಅಲಗಿಗೆ ನಾನೇ ಬಣ್ಣ ಹೊಡೆದಿದ್ದೆ. ಸುಬೈತ್ ಅದನ್ನು ಬೆರಳಲ್ಲಿ ತಟ್ಟಿ ನಕ್ಕ. "ಇದೇನಯ್ಯ, ಮಕ್ಕಳ ಆಟದ ಸಾಮಾನು! ಬಣ್ಣ ಬಳಿದಿದೀರಾ? ಒಂದು ವಾರಕ್ಕೆ ಉದುರುತ್ತೆ."

ನನಗೆ ಎಲ್ಲಿಂದ ಧೈರ್ಯ ಬಂತೋ, ಒಳಗೆ ಹೋಗಿ ಮರಳು, ಬೂದಿ, ಒಣನಿಂಬೆ, ನಾರು ಎಲ್ಲ ತಂದು ಅತ್ತೆಯ ಮುಂದಿಟ್ಟೆ.

"ಅತ್ತೆ, ಆವತ್ತು ಉಜ್ಜಿದ ಹಾಗೆ ಉಜ್ಜಿ."

"ಬೇಡಮ್ಮಾ. ಮತ್ತೆ ಹಾಳಾದ್ರೆ?"

"ಹಾಳಾಗೋದಾದ್ರೆ ನಿಮ್ಮ ಕೈಯಲ್ಲೇ ಹಾಳಾಗ್ಲಿ."

ಅತ್ತೆ ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ತೋಳು ಮೇಲೇರಿಸಿ ಕುಳಿತರು. ಅಬ್ಬಾ! ಉಜ್ಜಿದ್ದೇ ಉಜ್ಜಿದ್ದು! ಮನೆಯ ಸಿಟ್ಟೆಲ್ಲ ಆ ನಾರಿಗೆ ಬಂದ ಹಾಗಿತ್ತು. ಬಳೆಗಳು ಕುಣಿದವು, ಮರಳು ಸುಬೈತನ ಕಹ್ವಾದ ಬಟ್ಟಲಿಗೂ ಹಾರಿತು. ಅವನು ಬಟ್ಟಲನ್ನು ಕೈಯಿಂದ ಮುಚ್ಚಿಕೊಂಡು, "ಸಾಕು ತಾಯಿ, ಸಾಕು! ಅಲಗೇ ಸವೆದುಹೋದೀತು!" ಎಂದ. ಅತ್ತೆ ನಿಲ್ಲಿಸಲಿಲ್ಲ. ನಿಲ್ಲಿಸಿದಾಗ ಕೊಡದ ನೀರು ಸುರಿದು, ತಲೆವಸ್ತ್ರದ ಸೆರಗಿನಿಂದ ಒರೆಸಿ, ಅಲಗನ್ನು ಅವನ ಮಡಿಲಿಗೆ ಹಾಕಿದರು.

ಸುಬೈತ್ ಬಿಸಿಲಿಗೆ ಹಿಡಿದು ನೋಡಿದ. ತಿರುಗಿಸಿ ನೋಡಿದ. ಅಂಚಿನಲ್ಲಿ ಮಾತ್ರ ಸಾಣೆ ಹಿಡಿದ ಒಂದು ಬೆಳ್ಳಿಗೆರೆ. ಅಲ್ಲಿ ಯಾವ ಲೇಪವೂ ನಿಲ್ಲುವುದಿಲ್ಲ. ದಿನಾ ಸಾಣೆ ಹಿಡಿಯುವವನಿಗೆ ಅದು ಬೇಕಾಗಿಯೂ ಇಲ್ಲ ಎಂದು ಅವನೇ ಹೇಳಿದ. ಉಳಿದ ಮೈಯೆಲ್ಲ ನೀಲಿ, ಹೇಗಿತ್ತೋ ಹಾಗೆ.

"ಬಣ್ಣ ಸರಿಯಿಲ್ಲ" ಎಂದ.

ನಾನು ಹಿಲಾಲನ ತೋಳು ಹಿಡಿದುಕೊಂಡೆ.

"ನೀಲಿ ಚೂರಿ ನೀರಿಗೆ ಬಿದ್ರೆ ಯಾವನು ಹುಡುಕ್ತಾನೆ? ಕಿತ್ತಳೆ ಮಾಡಿ ಕೊಡಿ. ಒಂದೇ ಒಂದು ತಗೊಂಡು ಹೋಗ್ತೀನಿ. ಒರೆಯಲ್ಲೇ ಇಟ್ಟಿರ್ತೀನಿ, ಹಸಿಯಾಗೇ. ಬಂದ ಮೇಲೆ ಖಲ್ಫಾನ್ ಕೈಯಲ್ಲೇ ಎಳೆಸ್ತೀನಿ. ಬಂದ್ರೆ ಬಂತು."

ಹಮ್ದಾನ್ ಮೆಲ್ಲಗೆ ಹೇಳಿದ, "ನನ್ನ ಸೊಂಟಕ್ಕೇ ಕಟ್ಟಿ, ತಂಡೇಲಾ."

ಅಕ್ಟೋಬರ್ 15, ಮಂಗಳವಾರ

ದೋಣಿಗಳು ಹೋದವು. ಕಿತ್ತಳೆ ಚೂರಿ ಹೋಯಿತು. ನಾವು ದಂಡೆಯಲ್ಲಿ ನಿಂತು ಕೈ ಬೀಸಿದೆವು. ಅತ್ತೆ ಬೀಸಲಿಲ್ಲ, ಆದರೆ ದೋಣಿ ಕಾಣದಾಗುವವರೆಗೂ ನಿಂತಿದ್ದರು.

ಅಕ್ಟೋಬರ್ 21, ಸೋಮವಾರ

ಗಾಳಿ ಜೋರು. ಯಾರಿಗೂ ಊಟ ಸೇರುತ್ತಿಲ್ಲ. ನಾನು ದಿನಾ ಮಹಡಿಯಲ್ಲಿ ಒರಟನನ್ನು ನೋಡಿ ಬರುತ್ತೇನೆ. ಅವನು ಚೆನ್ನಾಗಿದ್ದರೆ ಅವನ ತಮ್ಮನೂ ಅಲ್ಲಿ ಚೆನ್ನಾಗಿರುತ್ತಾನೆ ಎಂದು ನನ್ನ ಲೆಕ್ಕ. ಹಿಲಾಲ್ ಮಲಗಿದಲ್ಲೇ ಕೇಳಿದ, "ಚೂರಿ ಒರೆಯಿಂದ ಬರದೇ ಹೋದ್ರೆ ಮಸ್ಕತ್ತಿಗೆ ಹೋಗೋಣ, ನಿನಗೂ ಖುಷಿ ಅಲ್ವಾ?" ಇಂಥ ಅಪಶಕುನದ ಮಾತಾಡಬೇಡ ಎಂದು ದಿಂಬಿನಿಂದ ಹೊಡೆದೆ.

ಅಕ್ಟೋಬರ್ 26, ಶನಿವಾರ

ಬಂದರು!

ದೋಣಿ ಕಂಡಿತು ಎಂದು ಯಾರೋ ಕೂಗಿದಾಗ ನಾನು ಹಂಚಿನ ಮುಂದಿದ್ದೆ. ಕೈಯಲ್ಲಿ ಹಿಟ್ಟು ಇದ್ದ ಹಾಗೆಯೇ ಓಡಿದೆ. ದೋಣಿ ತುಂಬ ಅಂಜಲ್. ಸುಬೈತ್ ಯಾರ ಜೊತೆಗೂ ಮಾತಾಡದೆ ನೇರ ಮಾವನ ಮುಂದೆ ಬಂದು ನಿಂತ. ಹಮ್ದಾನ್ ಸೊಂಟದಿಂದ ಬೆಲ್ಟು ಬಿಚ್ಚಿ, ಒರೆಯೊಂದಿಗೆ ಕೊಟ್ಟ. ಒರೆಯ ಚರ್ಮ ಉಪ್ಪಿನಿಂದ ಬೆಳ್ಳಗಾಗಿ ಮರದ ಹಾಗೆ ಬಿರುಸಾಗಿತ್ತು.

"ಎಳಿ" ಎಂದ ಸುಬೈತ್.

ಮಾವ ಹಿಡಿ ಹಿಡಿದರು. ಎಳೆಯಲಿಲ್ಲ. ಅವರ ಗಡ್ಡ ನಡುಗುವುದು ನನಗೆ ಕಾಣುತ್ತಿತ್ತು. ಅತ್ತೆ ಹಿಂದಿನಿಂದ, "ಎಳೀರಿ, ಮೀನು ಕೆಡುತ್ತೆ" ಎಂದರು.

ಎಳೆದರು. ಸರ್ರನೆ ಬಂತು! ಎಷ್ಟು ಸಲೀಸಾಗಿ ಬಂತೆಂದರೆ ಮಾವ ಒಂದು ಹೆಜ್ಜೆ ಹಿಂದೆ ಹೋದರು. ಕಿತ್ತಳೆ ಅಲಗು, ಉಪ್ಪಿನ ಹರಳು ಅಂಟಿಕೊಂಡು, ಅಂಚಿನ ಗೆರೆ ಬಿಟ್ಟರೆ ಮೈಯಲ್ಲಿ ಒಂದು ಕೆಂಪು ಚುಕ್ಕೆಯೂ ಇಲ್ಲದೆ. ಮಾವ ಅದನ್ನು ಅಂಗೈ ಮೇಲಿಟ್ಟುಕೊಂಡು ರೂಢಿಯಂತೆ ಮುಖದ ಹತ್ತಿರ ತಂದರು. ಏನೂ ಕಾಣಲಿಲ್ಲ. ಆಮೇಲೆ ತಲೆ ಎತ್ತಿ ಹಮ್ದಾನನ ಮುಖ ನೋಡಿದರು, ಬಹಳ ಹೊತ್ತು ನೋಡಿದರು.

"ಇಡೀ ದೋಣಿಗೆ ಮಾಡು" ಎಂದ ಸುಬೈತ್. "ಕಿತ್ತಳೇಲಿ. ಆದ್ರೆ ನಿನ್ನ ಚೂರಿ ಅಂತ ಹೇಗಪ್ಪಾ ಗೊತ್ತಾಗೋದು? ಹೊಳಪೇ ಇಲ್ವಲ್ಲ."

ಮಾವ ಹಿಡಿಯ ತುದಿಯನ್ನು ಹೆಬ್ಬೆರಳಿನಿಂದ ಸವರಿದರು. ನಾನಂತೂ ಎಲ್ಲರ ಮುಂದೆ ಹಿಲಾಲನನ್ನು ಅಪ್ಪಿಕೊಂಡುಬಿಟ್ಟೆ. ಅವನ ಬಿಳಿ ಅಂಗಿಯ ಮೇಲೆ ಹಿಟ್ಟಿನ ಹತ್ತು ಬೆರಳು. ಬಂದರಿನವರೆಲ್ಲ ನಗುತ್ತಿದ್ದರು. ನಗಲಿ!

ನವೆಂಬರ್ 1, ಶುಕ್ರವಾರ

ಮದರಂಗಿ ಪೂರ್ತಿ ಹೋಗಿದೆ. ಉಗುರಿನ ಸಂದಿಯಲ್ಲಿ ಕಿತ್ತಳೆ ಬಣ್ಣ, ಏನು ಮಾಡಿದರೂ ಹೋಗುವುದಿಲ್ಲ. ಅಷ್ಟು ಗಟ್ಟಿ ನಮ್ಮ ಲೇಪ!

ನಮಾಜು ಮುಗಿಸಿ ಬಂದ ಮಾವ ಎಲ್ಲರನ್ನೂ ಕುಲುಮೆಗೆ ಕರೆದರು. ಸುಬೈತನ ದೋಣಿಯ ಮೊದಲ ಚೂರಿ ಸಿದ್ಧವಾಗಿತ್ತು. ಅಲಗು ಒರಟು, ಕಿತ್ತಳೆ. ಆದರೆ ಹಿಡಿಯ ತುದಿಗೆ ಅವರೊಂದು ಹಿತ್ತಾಳೆಯ ಬಿಲ್ಲೆ ಕೂರಿಸಿದ್ದರು, ಖರ್ಜೂರದ ಬೀಜದಷ್ಟು ಉಬ್ಬಾದದ್ದು. ಅದನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದರು.

"ಹಿತ್ತಾಳೆಗೆ ತುಕ್ಕು ಬರಲ್ಲ. ಕಿಲುಬು ಬರುತ್ತೆ" ಎಂದ ಹಿಲಾಲ್.

"ಬರ್ಲಿ, ಉಜ್ಜೋಕೆ ನಾನಿಲ್ವಾ?" ಎಂದರು ಅತ್ತೆ.

ಮಾವ ಚೂರಿಯನ್ನು ನನ್ನ ಕಡೆ ಚಾಚಿದರು. "ನೋಡ್ಕೋಮ್ಮಾ. ಈ ಸಲ ಇದರಲ್ಲಿ."

ಬಗ್ಗಿ ನೋಡಿದೆ. ಮೂಗು ಈ ಸಲ ಟೊಮೇಟೊ. ಕೆನ್ನೆಯ ಮೇಲೆ ಮಸಿ. ಹೆಗಲ ಹಿಂದಿನಿಂದ ಇನ್ನೊಂದು ಪುಟ್ಟ ಮುಖ ತೂರಿಕೊಂಡು ಬಂತು, ಅದಕ್ಕೂ ಟೊಮೇಟೊ ಮೂಗು.

"ಸ್ವಲ್ಪ ಪಕ್ಕಕ್ಕೆ ಸರಿಯೇ, ಇಂಗ್ಲಿಷ್ ರಾಣಿ. ನನಗೂ ಕಾಣ್ಲಿ" ಎಂದರು ಅತ್ತೆ. ಆಮೇಲೆ ನಕ್ಕರು, ಬಾಯಿ ತುಂಬ. ಅವರ ಒಂದು ಹಲ್ಲು ಓರೆಯಾಗಿದೆ ಎಂದು ನನಗೆ ಇಷ್ಟು ದಿನ ಗೊತ್ತೇ ಇರಲಿಲ್ಲ.

ಸಂಜೆ ಅಮ್ಮನ ಫೋನ್ ಬಂತು. ನಾನು ಒವನ್‌ನಲ್ಲಿ ನಾಲ್ಕು ಅಲಗು ಇಟ್ಟು ಕೆಂಪು ಬಾಗಿಲಿನ ಮುಂದೆ ಕುಕ್ಕರ ಕೂತಿದ್ದೆ. ಶಾಖ ಸ್ವಲ್ಪವೂ ಏರಬಾರದು. ಬಣ್ಣದವನು ಬಂದು ನಿಂತಿದ್ದಾನೆ, ಬಾಲ್ಕನಿಗೆ ಕೊನೆಗೂ ಯಾವ ಬಣ್ಣ ಹೇಳು ಎಂದಳು.

"ಯಾವ ಬಾಲ್ಕನಿ?" ಎಂದೆ.